ಸರದಿಯೆಂಬ ಸೋಮಾರಿತನ

ನಾನು ಬೆಳೆದದ್ದು ಶಿರಸಿಯಲ್ಲಿ. ಅಪ್ಪ ಅಲ್ಲಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಶಾಲೆ ಬಿಟ್ಟಮೇಲೆ ಮನೆಗೆ ಹೋಗದೆ ನೇರ ಮಂಡಿಗೆ ಹೋಗಿ, ಖಾಲಿ ಗೋಣಿಗಳ ರಾಶಿಯ ಮೇಲೆ ಕೂತು, ಹಮಾಲರು ಚೀಲ ಹೊರುವುದನ್ನು ನೋಡುವುದು ನನ್ನ ದಿನಚರಿ. ಲಾರಿ ಬಂದು ನಿಂತರೆ ಹಮಾಲರು ಸಾಲುಗಟ್ಟುತ್ತಿದ್ದರು. ಮೇಸ್ತ್ರಿ ಒಬ್ಬೊಬ್ಬನ ಬೆನ್ನಿಗೂ ಒಂದೊಂದು ಚೀಲ ಏರಿಸುತ್ತಿದ್ದ. ಹೊತ್ತವನು ಗೋದಾಮಿನ ಒಳಗೆ ಹೋಗಿ, ಚೀಲ ಇಳಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುತ್ತಿದ್ದ. ಅವರಲ್ಲೊಬ್ಬನಿಗೆ ದಮ್ಮಿನ ಕಾಯಿಲೆ. ಉಳಿದವರು ನಾಲ್ಕು ಸಲ ಹೋಗಿ ಬರುವುದರೊಳಗೆ ಅವನದು ಎರಡು ಸಲ ಆಗುತ್ತಿತ್ತು. "ಅವನಿಗ್ಯಾಕೆ ಕಮ್ಮಿ ಚೀಲ ಕೊಡ್ತೀರಿ?" ಎಂದು ನಾನೊಮ್ಮೆ ಮೇಸ್ತ್ರಿಯನ್ನು ಕೇಳಿದೆ. "ಕಮ್ಮಿ ಕೊಟ್ಟವರ್ಯಾರು ತಮ್ಮಾ? ಇಳಿಸಿ ಬಂದ್ರೆ ಕೊಡ್ತೀನಿ. ಇನ್ನೂ ಬಂದೇ ಇಲ್ಲ, ಏನ್ಮಾಡ್ಲಿ?" ಎಂದ.

ಸಂಜೆ ಕೂಲಿ ಹಂಚುವಾಗ ಮಾತ್ರ ಲೆಕ್ಕ ಬೇರೆ. ಅಂದಿನ ಗಳಿಕೆಯನ್ನೆಲ್ಲ ಒಂದು ಕಡೆ ಸೇರಿಸಿ ಎಲ್ಲರಿಗೂ ಸಮಪಾಲು. ದಮ್ಮಿನವನಿಗೂ ಅಷ್ಟೇ. ಇದರ ಬಗ್ಗೆ ತಕರಾರು ಇರಲಿಲ್ಲವೆಂದಲ್ಲ, ಬೇಕಾದಷ್ಟು ಇತ್ತು. ಆದರೆ ಚೀಲ ಹಂಚುವುದು ಬೇರೆ, ಕೂಲಿ ಹಂಚುವುದು ಬೇರೆ ಎಂಬ ವಿಷಯದಲ್ಲಿ ಯಾರಿಗೂ ಗೊಂದಲವಿರಲಿಲ್ಲ.

ಈ ಗೊಂದಲ ನಾನು ಕಂಡದ್ದು ಬೆಂಗಳೂರಿಗೆ ಬಂದಮೇಲೆ. ಇಂಜಿನಿಯರಿಂಗ್ ಓದಿದ, ನನಗಿಂತ ಮೂರು ಪಟ್ಟು ಸಂಬಳ ಎಣಿಸುವ ಜನರಲ್ಲಿ.

ನನ್ನ ಕಸುಬೂ ಒಂದು ರೀತಿಯಲ್ಲಿ ಮೇಸ್ತ್ರಿಯದೇ. ಇಂಟರ್ನೆಟ್ಟಿನಲ್ಲಿ ನೀವೊಂದು ಪುಟ ತೆರೆದಾಗ ಎಲ್ಲೋ ಇರುವ ಒಂದು ಕಂಪ್ಯೂಟರು ಅದನ್ನು ಹುಡುಕಿ ಕಳಿಸಬೇಕು. ಅದಕ್ಕೆ ಸರ್ವರು ಅನ್ನುತ್ತೇವೆ. ನೀವು ಕೇಳಿದ ಒಂದೊಂದು ತುಣುಕಿಗೂ ರಿಕ್ವೆಸ್ಟು ಅನ್ನುತ್ತೇವೆ. ಕೇಳುವವರು ಹೆಚ್ಚಾದರೆ ಒಂದು ಸರ್ವರಿನಿಂದ ಆಗುವುದಿಲ್ಲ, ನಾಲ್ಕು ಬೇಕು, ನಲವತ್ತು ಬೇಕು. ಆಗ ಬಾಗಿಲಲ್ಲಿ ನಿಂತು "ನೀನು ಅಲ್ಲಿಗೆ ಹೋಗು, ನೀನು ಇಲ್ಲಿಗೆ ಹೋಗು" ಎಂದು ಹೇಳುವವನೊಬ್ಬ ಬೇಕಾಗುತ್ತದೆ. ಅವನ ಹೆಸರು ಲೋಡ್ ಬ್ಯಾಲೆನ್ಸರು. ಹೊರೆ ಹಂಚುವವನು. ಅವನು ಯಾವ ವಿಧಾನದಲ್ಲಿ ಹಂಚಬೇಕೆಂದು ನಾವು ಕಡತದಲ್ಲಿ ಒಂದು ಸಾಲು ಬರೆದು ತಿಳಿಸಬೇಕು. ಆ ಒಂದು ಸಾಲಿನ ಬಗ್ಗೆಯೇ ನನ್ನ ಜಗಳ.

ಆ ಸಾಲು ಬರೆಯದೆ ಬಿಟ್ಟರೂ ನಡೆಯುತ್ತದೆ. ಜಗತ್ತಿನಲ್ಲಿ ಬಹಳ ಜನ ಬಳಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶದಲ್ಲಿ ಏನನ್ನೂ ಬರೆಯದಿದ್ದರೆ ಅದು ರೌಂಡ್ ರಾಬಿನ್ ಎಂದು ತಿಳಿದುಕೊಳ್ಳುತ್ತದೆ. ಅಂದರೆ ಸರದಿ. ಮೊದಲ ರಿಕ್ವೆಸ್ಟು ಒಂದನೇ ಸರ್ವರಿಗೆ, ಎರಡನೆಯದು ಎರಡನೆಯದಕ್ಕೆ, ಕೊನೆ ಮುಟ್ಟಿದಮೇಲೆ ಮತ್ತೆ ಮೊದಲಿನಿಂದ. ನಮ್ಮ ಕಡೆ ಹೆಂಗಸರು ಮಳೆಗಾಲದಲ್ಲಿ ಚೆನ್ನೆಮಣೆಯ ಗುಳಿಗಳಿಗೆ ಹೊಂಗಾರಕನ ಕಾಳನ್ನು ಒಂದೊಂದಾಗಿ ಬಿಡುತ್ತಾ ಹೋಗುತ್ತಾರಲ್ಲ, ಹಾಗೆ. ಚೆನ್ನೆ ಆಡಿದವರಿಗೆ ಗೊತ್ತು, ಕಾಳನ್ನು ಎಷ್ಟೇ ಸರದಿಯಲ್ಲಿ ಬಿಟ್ಟರೂ ಆಟ ಮುಗಿಯುವ ಹೊತ್ತಿಗೆ ಒಂದು ಗುಳಿ ತುಂಬಿರುತ್ತದೆ, ಇನ್ನೊಂದು ಬರಿದಾಗಿರುತ್ತದೆ.

ರೌಂಡ್ ರಾಬಿನ್ ಎಂಬ ಹೆಸರಿಗೂ ಒಂದು ಕಥೆ ಉಂಟು. ಹಿಂದೆ ಇಂಗ್ಲಿಷ್ ಹಡಗುಗಳ ನಾವಿಕರು ಕಪ್ತಾನನ ಮೇಲೆ ದೂರು ಬರೆಯುವಾಗ ಎಲ್ಲರೂ ವರ್ತುಲಾಕಾರವಾಗಿ ಸಹಿ ಹಾಕುತ್ತಿದ್ದರಂತೆ. ಮೊದಲು ಸಹಿ ಹಾಕಿದವನು ಯಾರೆಂದು ತಿಳಿದರೆ ಅವನನ್ನು ಮುಖಂಡನೆಂದು ಹಿಡಿದು ಶಿಕ್ಷಿಸುತ್ತಾರಲ್ಲ, ಅದಕ್ಕೆ. ಆ ಸುತ್ತು ಸಹಿಯ ಪತ್ರಕ್ಕೆ ರೌಂಡ್ ರಾಬಿನ್ ಎನ್ನುತ್ತಿದ್ದರು. ಹೊಣೆ ಯಾರದೆಂದು ಯಾರಿಗೂ ತಿಳಿಯದ ಹಾಗೆ ಮಾಡುವ ಉಪಾಯ. ನಮ್ಮ ಕಚೇರಿಗಳಲ್ಲಿ ಅದು ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ.

ಸರದಿ ಮೂರ್ಖರ ವಿಧಾನವೆಂದು ನಾನು ಹೇಳುತ್ತಿಲ್ಲ. 1994ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದವರು, ಮೊಸಾಯಿಕ್ ಬ್ರೌಸರು ತಯಾರಿಸಿದವರು, ತಮ್ಮ ತಾಣಕ್ಕೆ ಬರುವವರ ಸಂಖ್ಯೆ ಕೈಮೀರಿದಾಗ ಒಂದೇ ಹೆಸರಿನ ಹಿಂದೆ ಹಲವು ಯಂತ್ರಗಳನ್ನಿಟ್ಟು, ಹೆಸರು ಕೇಳಿದವರಿಗೆ ಸರದಿಯ ಮೇಲೆ ಒಂದೊಂದು ಯಂತ್ರದ ವಿಳಾಸ ಕೊಡುತ್ತಾ ಹೋದರು. ಆ ಕಾಲಕ್ಕೆ ಅದು ಜಾಣತನ. ಅವರ ಯಂತ್ರಗಳು ಒಂದೇ ತರದವು, ಕೊಡಬೇಕಾದ ಪುಟಗಳೂ ಸಣ್ಣವು. ಆಗಲೂ, ಒಮ್ಮೆ ಕೊಟ್ಟ ವಿಳಾಸವನ್ನು ದೂರದ ಕಂಪ್ಯೂಟರುಗಳು ನೆನಪಿಟ್ಟುಕೊಂಡು ತಮ್ಮ ಕಡೆಯವರನ್ನೆಲ್ಲ ಅಲ್ಲಿಗೇ ಕಳಿಸುವುದರಿಂದ ಹೊರೆ ಏರುಪೇರಾಗುತ್ತದೆಂದು ಅವರಿಗೆ ತಿಳಿದಿತ್ತು. ತಿಳಿದು ಬಳಸಿದರು. ನಾವು ತಿಳಿಯದೆ ಬಳಸುತ್ತಿದ್ದೇವೆ. ವ್ಯತ್ಯಾಸ ಇಷ್ಟೇ.

ಈಗ ನನ್ನ ಸ್ವಂತದ ಕಥೆಗೆ ಬರುತ್ತೇನೆ.

2011ರ ಬೇಸಿಗೆ. ನಾನಿದ್ದ ಕಂಪನಿ ಒಂದು ಪರೀಕ್ಷೆಯ ಫಲಿತಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುವ ಗುತ್ತಿಗೆ ಹಿಡಿದಿತ್ತು. ಯಾವ ಕಂಪನಿ, ಯಾವ ಪರೀಕ್ಷೆ ಎಂಬುದು ಬೇಡ. ಬಾಗಿಲಲ್ಲಿ ಒಂದು ಲೋಡ್ ಬ್ಯಾಲೆನ್ಸರು, ಹಿಂದೆ ನಾಲ್ಕು ಸರ್ವರು. ಪ್ರತಿಯೊಂದರಲ್ಲೂ ಫಲಿತಾಂಶದ ಪೂರ್ತಿ ಪ್ರತಿ ಇದ್ದದ್ದರಿಂದ ಒಂದಕ್ಕೆ ಇನ್ನೊಂದರ ಹಂಗಿರಲಿಲ್ಲ. ಮೂರು ಸರ್ವರು ಹೊಸವು. ಒಂದೊಂದೂ ಸೆಕೆಂಡಿಗೆ ಸುಮಾರು 100 ರಿಕ್ವೆಸ್ಟು ಮುಗಿಸಬಲ್ಲವು. ನಾಲ್ಕನೆಯದು ಗೋದಾಮಿನ ಮೂಲೆಯಿಂದ ಎತ್ತಿ ತಂದದ್ದು. ಅದರ ತಾಕತ್ತು 50. ಒಟ್ಟು 350. ಬರಬಹುದಾದದ್ದು ಹೆಚ್ಚೆಂದರೆ 250 ಎಂಬ ಅಂದಾಜು. ಸಾಲದೆ? ಹಂಚುವ ವಿಧಾನದ ಸಾಲನ್ನು ಯಾರೂ ಬರೆದಿರಲಿಲ್ಲ. ಅಂದರೆ ಸರದಿ.

ಹನ್ನೊಂದು ಗಂಟೆಯ ಹೊತ್ತಿಗೆ ಸೆಕೆಂಡಿಗೆ 190ರಂತೆ ಬರತೊಡಗಿತು. ಸರದಿಯ ಪ್ರಕಾರ ನಾಲ್ಕಕ್ಕೂ 47.5. ಹೊಸ ಯಂತ್ರಗಳಿಗೆ ಇದು ಅರ್ಧ ಹೊಟ್ಟೆಯ ಊಟ. ಹಳೆಯದು ಕುತ್ತಿಗೆಮಟ್ಟ ಮುಳುಗಿತ್ತು. ಸರದಿಸಾಲಿನ ಗಣಿತದ ಸಾಮಾನ್ಯ ಸೂತ್ರ ಹಾಕಿ ನೋಡಿದರೆ ಹೊಸ ಯಂತ್ರದಲ್ಲಿ ಉತ್ತರಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು, ಹಳೆಯದರಲ್ಲಿ ಅದರ ಇಪ್ಪತ್ತು ಪಟ್ಟು ಬೇಕು. ಅಷ್ಟಾದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹನ್ನೊಂದೂವರೆಗೆ 210 ಆಯಿತು. ಹಳೆಯ ಯಂತ್ರದ ಪಾಲು 52.5, ಅದು ಮುಗಿಸಬಲ್ಲದ್ದು 50. ಸೆಕೆಂಡಿಗೆ ಎರಡೂವರೆ ರಿಕ್ವೆಸ್ಟು ಉಳಿಯುತ್ತಾ ಹೋದರೆ ಒಂದು ಗಂಟೆಗೆ 9,000 ಬಾಕಿ. ಕೊನೆಯವನು ಮೂರು ನಿಮಿಷ ಕಾಯಬೇಕು. ಅಷ್ಟರಲ್ಲಿ ಅವನ ಬ್ರೌಸರೇ ಕೈಚೆಲ್ಲಿರುತ್ತದೆ. ಕೈಚೆಲ್ಲಿದವನು ಮತ್ತೆ ಒತ್ತುತ್ತಾನೆ. ಅವನ ಹಳೆಯ ರಿಕ್ವೆಸ್ಟು ಯಂತ್ರದ ಹೊಟ್ಟೆಯಲ್ಲಿ ಇದ್ದೇ ಇರುತ್ತದೆ, ಹೊಸದೂ ಸೇರುತ್ತದೆ. ಪಕ್ಕದಲ್ಲಿ ಮೂರು ಯಂತ್ರಗಳು ಅರ್ಧ ಖಾಲಿ ಕೂತಿವೆ. ಲೋಡ್ ಬ್ಯಾಲೆನ್ಸರು ಮಾತ್ರ ತನ್ನ ಧರ್ಮ ಬಿಡದೆ, ಬೆನ್ನ ಮೇಲೆ ಚೀಲ ಹೊತ್ತೇ ಇರುವವನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಏರಿಸುತ್ತಲೇ ಇತ್ತು.

ನಮ್ಮ ಮುಂದಿನ ಪರದೆಯ ಮೇಲೆ ಎಲ್ಲವೂ ಹಸಿರು. ಯಾಕೆಂದರೆ ಅಲ್ಲಿ ತೋರಿಸುತ್ತಿದ್ದದ್ದು ನಾಲ್ಕೂ ಯಂತ್ರಗಳ ಸರಾಸರಿ. ಸರಾಸರಿ ನೂರಕ್ಕೆ ಅರವತ್ತು. "ಇನ್ನೂ ನಲವತ್ತು ಖಾಲಿ ಇದೆಯಲ್ರೀ" ಎಂದು ಮ್ಯಾನೇಜರು ಕಾಫಿ ಕುಡಿಯುತ್ತಿದ್ದರು.

ಅಷ್ಟರಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ಸಿದ್ದಾಪುರದಿಂದ ಅಕ್ಕನ ಮಗಳು. ಗಂಟೆಗೆ 20 ರೂಪಾಯಿ ಕೊಟ್ಟು ಪೇಟೆಯ ಸೈಬರ್ ಸೆಂಟರಿನಲ್ಲಿ ಕೂತಿದ್ದಾಳೆ. "ಮಾವ, ಪಕ್ಕದಲ್ಲಿ ಕೂತವಳದ್ದು ಬಂತು. ನಂದು ಮಾತ್ರ ಬರ್ತಾ ಇಲ್ಲ. ಫೇಲಾದವರದ್ದು ಬರೋದೇ ಇಲ್ವಾ?"

ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ನಮಗೆ ಅದು ನಾಲ್ಕರಲ್ಲಿ ಒಂದು ಯಂತ್ರ ನಿಧಾನವಾದ ಸುದ್ದಿ. ಅವಳಿಗೆ ಅದು ವರ್ಷವಿಡೀ ಓದಿದ್ದರ ತೀರ್ಪು. ಅಲ್ಲದೆ ನಾಲ್ಕರಲ್ಲಿ ಒಂದು ಅನ್ನುವುದೂ ಸುಳ್ಳು ಸಮಾಧಾನ. ಫಲಿತಾಂಶ ನೋಡಬೇಕಾದರೆ ಮೂರು ಸಲ ಬಾಗಿಲು ತಟ್ಟಬೇಕಿತ್ತು: ಮೊದಲ ಪುಟ, ಸಂಖ್ಯೆ ತುಂಬುವ ಪುಟ, ಕೊನೆಗೆ ಅಂಕಗಳ ಪುಟ. ಮೂರೂ ಸಲ ಹಳೆಯ ಯಂತ್ರದಿಂದ ತಪ್ಪಿಸಿಕೊಳ್ಳುವವರು ನೂರಕ್ಕೆ 42 ಮಂದಿ. ಉಳಿದ 58 ಜನ ಎಲ್ಲಾದರೊಂದು ಕಡೆ ಸಿಕ್ಕಿಬಿದ್ದೇ ತೀರುತ್ತಾರೆ. ಸಿಕ್ಕಿಬಿದ್ದವರು ಮತ್ತೆ ಮೊದಲಿನಿಂದ ಶುರುಮಾಡಬೇಕು. ಪುಟದಲ್ಲಿ ಹತ್ತು ತುಣುಕುಗಳಿದ್ದಿದ್ದರೆ, ಇವತ್ತಿನ ಪುಟಗಳಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತವೆ, ತಪ್ಪಿಸಿಕೊಳ್ಳುವವರು ನೂರಕ್ಕೆ ಆರು ಜನ ಸಹ ಆಗುವುದಿಲ್ಲ.

"ತಡಿ, ನಾನೇ ನೋಡಿ ಹೇಳ್ತೇನೆ" ಎಂದು ಅವಳ ಸಂಖ್ಯೆ ಬರೆದುಕೊಂಡೆ. ಆಮೇಲೆ ಮರೆತೆ. ಇದನ್ನು ಮುಚ್ಚಿಡುವುದಿಲ್ಲ. ಒಂದೊಂದು ಯಂತ್ರವನ್ನೂ ಬೇರೆ ಬೇರೆಯಾಗಿ ತೆರೆದು ನೋಡುತ್ತಾ ಕೂತು, ಮಧ್ಯಾಹ್ನ ಎರಡಕ್ಕೆ ಹಳೆಯದರ ಅವಸ್ಥೆ ಕಣ್ಣಿಗೆ ಬಿದ್ದು, ಅದನ್ನು ಸಾಲಿನಿಂದ ಕಿತ್ತು ಹಾಕಿದೆ. ಉಳಿದ ಮೂರಕ್ಕೆ 300 ತಾಕತ್ತು. ಬರುತ್ತಿದ್ದದ್ದು 250ರ ಒಳಗೆ. ಐದು ನಿಮಿಷದಲ್ಲಿ ಎಲ್ಲ ಸರಾಗ. ಒಂದು ಯಂತ್ರ ಕಡಿಮೆ ಮಾಡಿದ್ದಕ್ಕೆ ಕೆಲಸ ವೇಗವಾಯಿತೆಂದರೆ ಮ್ಯಾನೇಜರಿಗೆ ನಂಬಿಕೆಯೇ ಬರಲಿಲ್ಲ. ರಾತ್ರಿ ಹತ್ತಕ್ಕೆ ನೆನಪಾಗಿ ಸಿದ್ದಾಪುರಕ್ಕೆ ಫೋನು ಮಾಡಿದರೆ ಅಕ್ಕ ಎತ್ತಿದಳು. "ಅತ್ತು ಅತ್ತು ಈಗ ಮಲಗಿದಾಳೆ" ಎಂದಳು. ಹುಡುಗಿ ಪಾಸಾಗಿದ್ದಳು, ಒಳ್ಳೆಯ ಅಂಕಗಳೇ ಬಂದಿದ್ದವು.

ಮಾರನೇ ವಾರ ಮೀಟಿಂಗು. ಅಲ್ಲಿ ನಮ್ಮ ಹಿರಿಯರೊಬ್ಬರು ಹೇಳಿದ ಮಾತಿಗಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು. "ರೌಂಡ್ ರಾಬಿನ್ನಿನಲ್ಲಿ ತಪ್ಪೇನಿದೆ? ಎಲ್ಲರಿಗೂ ಸಮಪಾಲು. ಅದಕ್ಕಿಂತ ನ್ಯಾಯ ಬೇರೆ ಯಾವುದು?" ಎಂದರು ಅವರು. ತಲೆ ಆಡಿಸಿದವರೇ ಹೆಚ್ಚು.

ಯಾರಿಗೆ ನ್ಯಾಯ? ಯಂತ್ರಕ್ಕೆ ಕೂಲಿ ಇಲ್ಲ. ಸಂಜೆ ಅದು ಮನೆಗೆ ಅಕ್ಕಿ ಒಯ್ಯಬೇಕಾಗಿಲ್ಲ. ಇವತ್ತು ನನಗೆ ಕೆಲಸ ಕಡಿಮೆ ಕೊಟ್ಟರೆಂದು ಅದು ಸಂಘದ ಮುಂದೆ ಅಳುವುದಿಲ್ಲ. ಸಮಪಾಲು ಎಂಬುದು ಕೂಲಿಗೆ ಸಲ್ಲುವ ಮಾತು. ಅದನ್ನು ತಂದು ಚೀಲಕ್ಕೆ ಹಚ್ಚಿದ್ದಾರೆ. ಮಂಡಿಯ ಮೇಸ್ತ್ರಿ ಕೂಲಿಯಲ್ಲಿ ಸಮ ಮಾಡಿದ, ಚೀಲದಲ್ಲಿ ಮಾಡಲಿಲ್ಲ, ಯಾಕೆಂದರೆ ಲಾರಿ ಕಾಯುತ್ತಿತ್ತು. ನಮ್ಮ ಮಹಾಶಯರು ಕೂಲಿಯೇ ಇಲ್ಲದ ಯಂತ್ರಗಳಿಗೆ ಚೀಲ ಸಮ ಮಾಡಿ, ಕಾಯುತ್ತಿದ್ದ ಸಾವಿರಾರು ಮಕ್ಕಳಿಗೆ ಕೈ ಎತ್ತಿದರು. ಹೊರೆ ಹಂಚುವ ವಿಧಾನ ಆರಿಸುವಾಗ ಕೇಳಬೇಕಾದ ಪ್ರಶ್ನೆ ಯಾವ ಯಂತ್ರಕ್ಕೆ ಎಷ್ಟು ಹೋಯಿತು ಎಂಬುದಲ್ಲ. ಕಾಯುತ್ತಿರುವವರು ಯಾರು, ಅವರಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕಾದವನು ಎಷ್ಟು ಕಾದ ಎಂಬುದು.

ಇದೇನೂ ನನ್ನ ಸಂಶೋಧನೆಯಲ್ಲ. ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೂತು, ಕರೆ ಮಾಡುವವರು ಎಷ್ಟು ಕಾಯಬೇಕಾಗುತ್ತದೆ ಎಂಬ ಲೆಕ್ಕ ಶುರುಮಾಡಿದ್ದು ಶತಮಾನದ ಹಿಂದೆ. ಅವನ ಮೊದಲ ಪ್ರಬಂಧ 1909ರದು. ಅವನ ನಂತರ ಬಂದ ಗಣಿತ ಹೇಳುವುದು ಇಷ್ಟು: ಒಂದು ಕೌಂಟರು ನೂರಕ್ಕೆ ಐವತ್ತು ಪಾಲು ದುಡಿಯುತ್ತಿದ್ದರೆ ಕೆಲಸ ಮುಗಿಯಲು ಒಟ್ಟು ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಎಂಬತ್ತಾದರೆ ಐದು ಪಟ್ಟು, ತೊಂಬತ್ತಾದರೆ ಹತ್ತು ಪಟ್ಟು, ತೊಂಬತ್ತೈದಾದರೆ ಇಪ್ಪತ್ತು. ಕೊನೆಯ ಐದು ಪಾಲಿನಲ್ಲಿ ನರಕವಿದೆ. ಯಾವುದಾದರೂ ಒಂದು ಯಂತ್ರ ಅಲ್ಲಿಗೆ ತಲುಪಿದರೆ ಉಳಿದವು ಎಷ್ಟು ಆರಾಮವಾಗಿದ್ದರೂ ಪ್ರಯೋಜನವಿಲ್ಲ.

ಸರಿ, ಸರದಿ ಬೇಡ, ಬೇರೆ ಏನು? ಮೀಟಿಂಗಿನಲ್ಲಿ ಬಂದ ಮೊದಲ ಸಲಹೆ ತೂಕದ ಸರದಿ. ಹಳೆಯದಕ್ಕೆ ಒಂದು, ಹೊಸದಕ್ಕೆ ಎರಡು ಎಂದು ಕಡತದಲ್ಲಿ ಬರೆದಿಡುವುದು. ಇದು ಬರಿಯ ಸರದಿಗಿಂತ ಮೇಲು, ಒಪ್ಪಿದೆ. ಆದರೆ ಇದು ಜಾತಕ ಬರೆದಂತೆ. ಹುಟ್ಟಿದ ದಿನ ಬರೆದದ್ದನ್ನು ನಂಬಿ ಇವತ್ತು ಜ್ವರ ಬಂದದ್ದನ್ನು ನೋಡದೆ ಇರುವುದು. ಹೊಸ ಯಂತ್ರದಲ್ಲೇ ಮಧ್ಯಾಹ್ನ ಯಾರೋ ಬ್ಯಾಕಪ್ ಶುರುಮಾಡಿದರೆ ಅದರ ತಾಕತ್ತು ಅರ್ಧಕ್ಕಿಳಿಯುತ್ತದೆ. ಕಡತದಲ್ಲಿ ಮಾತ್ರ ಎರಡು ಎಂದೇ ಇರುತ್ತದೆ.

ಎರಡನೆಯ ಸಲಹೆ, ಬರುವವನ ಇಂಟರ್ನೆಟ್ ವಿಳಾಸ ನೋಡಿ ಆ ವಿಳಾಸದವರಿಗೆ ಯಾವಾಗಲೂ ಇದೇ ಯಂತ್ರ ಎಂದು ಗಂಟುಹಾಕುವುದು. ಕೇಳಲು ಚೆಂದ. ಆದರೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರುಗಳಿದ್ದರೂ ಹೊರಗೆ ಕಾಣುವುದು ಒಂದೇ ವಿಳಾಸ. ಮೊಬೈಲು ಕಂಪನಿಗಳು ಸಾವಿರಾರು ಗಿರಾಕಿಗಳನ್ನು ಒಂದು ವಿಳಾಸದ ಹಿಂದೆ ನಿಲ್ಲಿಸುತ್ತವೆ. ಸಾಲದ್ದಕ್ಕೆ ಎಂಜಿನ್‌ಎಕ್ಸ್ ಈ ಲೆಕ್ಕ ಮಾಡುವಾಗ ಹಳೆಯ ಮಾದರಿಯ ವಿಳಾಸದ ನಾಲ್ಕು ಭಾಗಗಳಲ್ಲಿ ಮೊದಲ ಮೂರನ್ನು ಮಾತ್ರ ನೋಡುತ್ತದೆ. ಒಂದು ಕೇರಿಯವರೆಲ್ಲ ಒಂದೇ ಯಂತ್ರಕ್ಕೆ. ಅಲ್ಲದೆ ಅಕ್ಕನ ಮಗಳಂಥವಳು ಹಳೆಯ ಯಂತ್ರಕ್ಕೆ ಗಂಟುಬಿದ್ದರೆ ದಿನವಿಡೀ ಎಷ್ಟು ಸಲ ಒತ್ತಿದರೂ ಅಲ್ಲಿಗೇ ಹೋಗಬೇಕು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಒಂದೊಂದು ಯಂತ್ರವೂ ಬೇರೆ ಬೇರೆ ಸರಕನ್ನು ನೆನಪಿನಲ್ಲಿಟ್ಟುಕೊಂಡಿರುವ ಕಡೆ ಹೀಗೆ ಗಂಟುಹಾಕುವುದೇ ಸರಿ. 1997ರಲ್ಲಿ ಎಂಐಟಿಯವರು ಅದಕ್ಕೊಂದು ಅಚ್ಚುಕಟ್ಟಾದ ಗಣಿತವನ್ನೇ ಮಾಡಿ ಕೊಟ್ಟಿದ್ದಾರೆ. ನಮ್ಮಲ್ಲಿ ನಾಲ್ಕರಲ್ಲೂ ಇದ್ದದ್ದು ಒಂದೇ ಸರಕು.

ನಾನು ಹಟ ಹಿಡಿದು ಒಪ್ಪಿಸಿದ್ದು ಮೂರನೆಯದನ್ನು. ಯಾವ ಯಂತ್ರದ ಕೈಯಲ್ಲಿ ಮುಗಿಯದ ಕೆಲಸ ಎಲ್ಲಕ್ಕಿಂತ ಕಡಿಮೆ ಇದೆಯೋ ಅದಕ್ಕೆ ಮುಂದಿನದು. ಮೇಸ್ತ್ರಿಯ ಲೆಕ್ಕ. ಇಳಿಸಿ ಬಂದರೆ ಕೊಡ್ತೀನಿ. ಯಾರ ಜಾತಕವೂ ಬೇಡ. ನಿಧಾನದವನು ತಾನಾಗಿಯೇ ಕಡಿಮೆ ಹೊರುತ್ತಾನೆ. ಗೆದ್ದೆನೆಂದು ಬೀಗಿದೆ.

ಬೀಗಿದ್ದಕ್ಕೆ 2012ರಲ್ಲಿ ಶಾಸ್ತಿಯಾಯಿತು. ಆ ವರ್ಷದ ಫಲಿತಾಂಶದ ದಿನ ಒಂದು ಯಂತ್ರದ ಡಿಸ್ಕು ತುಂಬಿಹೋಯಿತು. ಏನನ್ನೂ ಬರೆದುಕೊಳ್ಳಲಾಗದ ಆ ಯಂತ್ರ, ಕೇಳಿದವರಿಗೆಲ್ಲ ಕಣ್ಣುಮಿಟುಕಿಸುವುದರೊಳಗೆ "ತಪ್ಪಾಗಿದೆ" ಎಂಬ ಪುಟ ಕೊಟ್ಟು ಕೈತೊಳೆದುಕೊಳ್ಳತೊಡಗಿತು. ಕೆಲಸ ಮಾಡದವನ ಕೈ ಯಾವಾಗಲೂ ಖಾಲಿ. ಸರ್ಕಾರಿ ಕಚೇರಿಗಳಲ್ಲಿ "ಇಲ್ಲ, ಆಗೋದಿಲ್ಲ, ನಾಳೆ ಬನ್ನಿ" ಎನ್ನುವ ಗುಮಾಸ್ತರ ಮೇಜಿನ ಮುಂದೆ ಸಾಲು ಇರುವುದಿಲ್ಲ, ನೋಡಿದ್ದೀರಲ್ಲ? ಸಾಲು ಇಲ್ಲವೆಂದು ನಮ್ಮ ಲೋಡ್ ಬ್ಯಾಲೆನ್ಸರು ಬಂದವರಲ್ಲಿ ಹೆಚ್ಚಿನವರನ್ನು ಅಲ್ಲಿಗೇ ಕಳಿಸಿತು. ನಿಯತ್ತಾಗಿ ದುಡಿಯುತ್ತಿದ್ದ ಯಂತ್ರಗಳು ನೊಣ ಹೊಡೆದವು. ಯಂತ್ರಗಳ ಆರೋಗ್ಯ ವಿಚಾರಿಸುವ ಏರ್ಪಾಡು ಇರಲಿಲ್ಲವೆ ಎಂದರೆ, ಇತ್ತು. ಐದು ಸೆಕೆಂಡಿಗೊಮ್ಮೆ "ಚೆನ್ನಾಗಿದ್ದೀಯಾ?" ಎಂದು ಕೇಳುತ್ತಿತ್ತು. ಡಿಸ್ಕಿನ ಗೊಡವೆ ಇಲ್ಲದ ಆ ಪ್ರಶ್ನೆಗೆ ಯಂತ್ರ "ಹೂಂ" ಅನ್ನುತ್ತಿತ್ತು. ನಾವೂ ಮಾಡುವುದು ಅದನ್ನೇ ತಾನೆ, ಬೀದಿಯಲ್ಲಿ ಸಿಕ್ಕವರು ಕೇಳಿದರೆ. ಅಂದಿನಿಂದ ನಾನು ಆರೋಗ್ಯ ವಿಚಾರಿಸುವುದರ ಜೊತೆಗೆ, ನಿಜವಾದ ಗಿರಾಕಿಗೆ ಒಂದು ಯಂತ್ರ ನಾಲ್ಕೈದು ಸಲ ತಪ್ಪು ಉತ್ತರ ಕೊಟ್ಟರೆ ಸ್ವಲ್ಪ ಹೊತ್ತು ಸಾಲಿನಿಂದ ಹೊರಗಿಡುವುದನ್ನೂ ಕಡ್ಡಾಯ ಮಾಡಿದೆ. ಅದಿಲ್ಲದೆ ಮೇಸ್ತ್ರಿಯ ಲೆಕ್ಕವನ್ನು ಯಾರೂ ಮುಟ್ಟಬಾರದು. ಇಷ್ಟನ್ನು ಸರದಿಯ ಪಕ್ಷದವರಿಗೆ ನಾನು ಬಿಟ್ಟುಕೊಡುತ್ತೇನೆ: ಅವರ ವಿಧಾನದಲ್ಲಿ ಕೆಟ್ಟ ಯಂತ್ರ ಕೆಡಿಸುವುದು ತನ್ನ ಪಾಲನ್ನು ಮಾತ್ರ.

ವ್ಯವಹಾರ ದೊಡ್ಡದಾದಮೇಲೆ ಇನ್ನೊಂದು ತೊಡಕು ಬಂತು. ಬಾಗಿಲುಗಳೇ ಹಲವಾದವು, ಬಾಗಿಲಿಗೊಬ್ಬ ಮೇಸ್ತ್ರಿ. ಯಾವ ಯಂತ್ರದ ಮೇಲೆ ಎಷ್ಟು ಹೊರೆ ಎಂಬ ಸುದ್ದಿ ಅವರಿಗೆಲ್ಲ ಕೆಲವು ಸೆಕೆಂಡು ತಡವಾಗಿ ತಲುಪುತ್ತದೆ. ಏಳನೇ ಯಂತ್ರ ಖಾಲಿ ಎಂಬ ಸುದ್ದಿ ಬಂದರೆ ಎಲ್ಲ ಮೇಸ್ತ್ರಿಗಳೂ ಏಳಕ್ಕೇ ಕಳಿಸುತ್ತಾರೆ. ಜಾತ್ರೆಯ ಊಟದಲ್ಲಿ "ಆ ಪಂಕ್ತಿ ಖಾಲಿ ಉಂಟು" ಎಂದು ಯಾರೋ ಕೂಗಿದರೆ ಆಗುವಂತೆ. ಮುಂದಿನ ಸುದ್ದಿ ಬರುವ ಹೊತ್ತಿಗೆ ಏಳು ನೆಲಕಚ್ಚಿ, ಮೂರು ಖಾಲಿಯಾಗಿರುತ್ತದೆ, ಎಲ್ಲರೂ ಮೂರಕ್ಕೆ. ಹಳೆಯ ಸುದ್ದಿ ನಂಬಿ ಅತ್ಯುತ್ತಮವನ್ನು ಆರಿಸುವುದಕ್ಕಿಂತ ಕಣ್ಣುಮುಚ್ಚಿ ಚೀಟಿ ಎತ್ತುವುದೇ ಎಷ್ಟೋ ಸಲ ಮೇಲು.

ಇದಕ್ಕೆ ಮದ್ದು ನಮ್ಮ ಕಸುಬಿನ ಅತಿ ಚೆಲುವಾದ ಫಲಿತಾಂಶಗಳಲ್ಲೊಂದು. 1994ರಲ್ಲಿ ಅಜಾರ್, ಬ್ರೋಡರ್, ಕಾರ್ಲಿನ್, ಉಪ್ಫಾಲ್ ಎಂಬ ನಾಲ್ವರು ಇದರ ಬುನಾದಿ ಹಾಕಿದರು. 1996ರಲ್ಲಿ ಮೈಕೆಲ್ ಮಿಟ್ಜೆನ್‌ಮಾಕರ್ ಬರ್ಕ್‌ಲಿಯಲ್ಲಿ ಇದರ ಮೇಲೆ ಪಿಎಚ್.ಡಿ. ಮಾಡಿದ. ಹತ್ತು ಲಕ್ಷ ಬಟ್ಟಲುಗಳಿವೆ, ಹತ್ತು ಲಕ್ಷ ಕಾಳುಗಳಿವೆ ಎಂದುಕೊಳ್ಳಿ. ಕಣ್ಣುಮುಚ್ಚಿ ಒಂದೊಂದೇ ಕಾಳು ಎಸೆದರೆ ಅತಿ ಹೆಚ್ಚು ತುಂಬಿದ ಬಟ್ಟಲಿನಲ್ಲಿ ಎಂಟೊಂಬತ್ತು ಕಾಳು ಬಿದ್ದಿರುತ್ತವೆ. ಈಗ ಪ್ರತಿ ಸಲವೂ ಎರಡು ಬಟ್ಟಲುಗಳನ್ನು ಚೀಟಿ ಎತ್ತಿ, ಆ ಎರಡರಲ್ಲಿ ಕಡಿಮೆ ಇರುವುದಕ್ಕೆ ಹಾಕಿ. ಅತಿ ತುಂಬಿದ ಬಟ್ಟಲಿನಲ್ಲಿ ನಾಲ್ಕು! ಹತ್ತು ಲಕ್ಷವನ್ನೂ ನೋಡಬೇಕಾಗಿಲ್ಲ, ಎರಡನ್ನು ನೋಡಿದರೆ ಸಾಕು. ಮೂರು ನೋಡಿದರೆ ಇನ್ನೂ ಸ್ವಲ್ಪ ಒಳ್ಳೆಯದು, ಆದರೆ ಒಂದರಿಂದ ಎರಡಕ್ಕೆ ಸಿಕ್ಕಿದ ಲಾಭ ಎರಡರಿಂದ ಮೂರಕ್ಕೆ ಸಿಗುವುದಿಲ್ಲ. ಎಲ್ಲ ಮೇಸ್ತ್ರಿಗಳೂ ಒಂದೇ ಯಂತ್ರಕ್ಕೆ ನುಗ್ಗುವ ಕಾಟವೂ ತಪ್ಪುತ್ತದೆ, ಏಕೆಂದರೆ ಒಬ್ಬೊಬ್ಬರ ಕೈಗೂ ಬೇರೆ ಬೇರೆ ಜೋಡಿ ಬರುತ್ತದೆ. ಎಂಜಿನ್‌ಎಕ್ಸ್‌ಗೆ ಈ ವಿಧಾನ 2018ರಲ್ಲಿ ಬಂತು. ಅಮೆಜಾನಿನ ಲೋಡ್ ಬ್ಯಾಲೆನ್ಸರಿನಲ್ಲಿ, ಬಾಕಿ ಕಡಿಮೆ ಇರುವ ಯಂತ್ರಕ್ಕೆ ಕಳಿಸುವ ಆಯ್ಕೆ 2019ರಲ್ಲಿ ಸೇರಿತು. ಎರಡರಲ್ಲೂ, ನೀವು ಬಾಯಿ ಬಿಟ್ಟು ಕೇಳದಿದ್ದರೆ ಸಿಗುವುದು ಸರದಿಯೇ.

ಇನ್ನೊಂದು ಮಾತು. ಸಾಲು ಎಲ್ಲಿ ನಿಲ್ಲಬೇಕು? ಟೋಕನ್ ಕೊಡುವ ಬ್ಯಾಂಕಿನಲ್ಲಿ ಒಂದೇ ಸಾಲು, ಯಾವ ಕೌಂಟರು ಬಿಡುವಾದರೂ ಮುಂದಿನವನಿಗೆ ಕರೆ. ಹಳೆಯ ರೈಲ್ವೆ ನಿಲ್ದಾಣದ ಟಿಕೇಟು ಕಿಂಡಿಗಳಲ್ಲಿ ಕಿಂಡಿಗೊಂದು ಸಾಲು. ನಾವು ನಿಂತ ಸಾಲಿನಲ್ಲೇ ಯಾರಾದರೊಬ್ಬರು ಚಿಲ್ಲರೆಗೆ ಜಗಳ ತೆಗೆಯುತ್ತಿದ್ದರು. ಸರ್ವರುಗಳ ಒಳಗೆ ಜನರನ್ನು ತುಂಬಿಬಿಟ್ಟರೆ ಅದು ಟಿಕೇಟು ಕಿಂಡಿಯ ಸಾಲು. ಒಳಹೋದವನನ್ನು ಇನ್ನೊಂದು ಕಿಂಡಿಗೆ ಕಳಿಸಲಾಗುವುದಿಲ್ಲ. ಎಚ್‌ಎ ಪ್ರಾಕ್ಸಿ ಎಂಬ ತಂತ್ರಾಂಶದಲ್ಲಿ ಒಂದೊಂದು ಸರ್ವರಿಗೂ ಇಷ್ಟೇ ಜನ ಎಂದು ಮಿತಿ ಹಾಕಿ, ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳಬಹುದು. ನಾನು ವಿಧಾನ ಆರಿಸುವುದಕ್ಕೆ ಮೊದಲು ಈ ಮಿತಿ ಬರೆಯುತ್ತೇನೆ. ವಿಧಾನ ಸ್ವಲ್ಪ ಹೆಚ್ಚುಕಡಿಮೆಯಾದರೂ ಇದು ಕಾಯುತ್ತದೆ.

"ಇಷ್ಟೆಲ್ಲ ತಲೆಬಿಸಿ ಯಾಕೆ, ನಮ್ಮದು ಸಣ್ಣ ವ್ಯವಹಾರ" ಎನ್ನುವವರಿದ್ದಾರೆ. ನಿಮ್ಮ ಯಂತ್ರಗಳು ನಿಜಕ್ಕೂ ಒಂದೇ ತರದವಾಗಿದ್ದು, ಮಾಡುವ ಕೆಲಸವೂ ಒಂದೇ ಅಳತೆಯದಾಗಿದ್ದು, ನೂರಕ್ಕೆ ಮೂವತ್ತರ ಮೇಲೆ ಎಂದೂ ಏರದಿದ್ದರೆ ಸರದಿಯಲ್ಲೇ ಸುಖವಾಗಿರಿ, ನನ್ನ ತಕರಾರಿಲ್ಲ. ಆದರೆ ಹಾಗಿದೆಯೆಂದು ನೋಡಿ ಹೇಳಿ, ನೋಡದೆ ಹೇಳಬೇಡಿ. ಬೇರೆ ಬೇರೆ ಯಂತ್ರದ ಅಂಕಿಗಳನ್ನು ಬೇರೆ ಬೇರೆಯಾಗಿ ಪರದೆಯ ಮೇಲಿಡಲು ಒಂದು ಮಧ್ಯಾಹ್ನ ಸಾಕು. ಸಣ್ಣ ವ್ಯವಹಾರದ ಮುಂದೆ ಕಾಯುವವರೂ ಸಣ್ಣವರೇ. ಅವರಿಗೆ ದೂರು ಕೊಡಲು ಮಾವನ ಫೋನ್ ನಂಬರು ಇರುವುದಿಲ್ಲ.

ಹೋದ ತಿಂಗಳು ಹಳೆಯ ಸಹೋದ್ಯೋ‌ಗಿಯೊಬ್ಬರ ಕಂಪನಿಗೆ ಹೋಗಿದ್ದೆ. ಆಸ್ಪತ್ರೆಗಳಿಗೆ ಚೀಟಿ ಕೊಡುವ, ಡಾಕ್ಟರ ಸಮಯ ಗೊತ್ತುಮಾಡುವ ತಾಣ ನಡೆಸುತ್ತಾರೆ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ವಿಪರೀತ ನಿಧಾನ, ಯಾಕೆ ಅಂತಲೇ ಗೊತ್ತಾಗುತ್ತಿಲ್ಲ, ಒಮ್ಮೆ ನೋಡಿ ಎಂದರು. ಅಲ್ಲಿನ ಹುಡುಗ ಕಡತ ತೆರೆದು ತೋರಿಸಿದ. ಹನ್ನೆರಡು ಸರ್ವರುಗಳ ಹೆಸರು ಒಂದರ ಕೆಳಗೊಂದು ಇದ್ದವು. ವಿಧಾನದ ಸಾಲು ಇರಲಿಲ್ಲ.

"ಇದನ್ನ ಯಾರು ಆರಿಸಿದ್ದಪ್ಪಾ?" ಎಂದೆ.

"ಯಾರೂ ಆರಿಸಿಲ್ಲ ಸಾರ್. ಮೊದಲಿಂದ ಹಾಗೇ ಇತ್ತು."

"ಹನ್ನೆರಡರಲ್ಲಿ ಎಲ್ಲಕ್ಕಿಂತ ನಿಧಾನದ್ದು ಯಾವುದು?"

ಹುಡುಗ ಪರದೆ ನೋಡಿದ, ನನ್ನ ಮುಖ ನೋಡಿದ. "ನೋಡ್ಬೇಕು ಸಾರ್" ಎಂದ. ಕುರ್ಚಿ ಎಳೆದುಕೊಂಡು ಇಬ್ಬರೂ ನೋಡಲು ಕೂತೆವು.